ನಡುವಿನ ಮಾದರಿ

ಎರಡು ಏರ್‌ಬ್ಯಾಗೋ ಆರೋ ಎಂಬುದು ತೀರ್ಮಾನವಾಗದೆ ಅವನಿಗೆ ಬೆಳಗಿನಿಂದ ಹಲ್ಲು ಜೋಡಿಸಲು ಆಗುತ್ತಿರಲಿಲ್ಲ. ಎದುರಿಗೆ ಯಾರೋ ನಿವೃತ್ತ ಮೇಷ್ಟರ ಮೇಲ್ದವಡೆಯ ಅಚ್ಚು ಬೆಳ್ಳಗೆ ಕುಳಿತಿತ್ತು. ಅದರ ಮೇಲಿನ ಗುಲಾಬಿ ಮೇಣಕ್ಕೆ ಮುಂದಿನ ನಾಲ್ಕು ಹಲ್ಲು ಊರಿದ್ದ. ಐದನೆಯದನ್ನು ಚಿಮಟದಲ್ಲಿ ಹಿಡಿದು ಹತ್ತು ನಿಮಿಷವಾಗಿತ್ತು. ಕೋರೆಹಲ್ಲು ಕೂದಲೆಳೆಯಷ್ಟು ಹೊರಳಿದರೂ ಸಾಕು, ಮೇಷ್ಟರು ನಕ್ಕಾಗ ಯಾರನ್ನೋ ಕಚ್ಚಲು ಹೊರಟವರಂತೆ ಕಾಣುತ್ತಾರೆ. ಇಪ್ಪತ್ತಾರು ವರ್ಷದಿಂದ ಕಟ್ಟುಹಲ್ಲು ಮಾಡುತ್ತಿರುವವನಿಗೆ ಅದು ಗೊತ್ತು. ಆದರೂ ಕಣ್ಣು ಪದೇಪದೇ ಸ್ಪಿರಿಟ್ ದೀಪದ ಪಕ್ಕ ಮಡಿಸಿಟ್ಟಿದ್ದ ಕಾರಿನ ಪುಸ್ತಿಕೆಯ ಕಡೆಗೇ ಹೋಗುತ್ತಿತ್ತು. ಒಂದು ಸಣ್ಣ ಡೀಸೆಲ್ ಕಾರು. ಒಂದೇ ಎಂಜಿನ್, ಒಂದೇ ಮೈಕಟ್ಟು, ನಾಲ್ಕೇ ಚಕ್ರ. ಅದಕ್ಕೆ ಮೂರು ಮಾದರಿ: ಎಲ್, ಎಲ್ ಪ್ಲಸ್, ಝಡ್. ಇಷ್ಟು ಸಾಲದು ಎಂಬಂತೆ ಪ್ರತಿಯೊಂದರ ಕೆಳಗೂ ಸಣ್ಣ ಅಕ್ಷರದಲ್ಲಿ 'ಆಪ್ಷನಲ್'. ಯಾವುದು ಆಪ್ಷನಲ್, ಯಾರಿಗೆ ಆಪ್ಷನಲ್ ಎಂದು ಎಲ್ಲೂ ಬರೆದಿರಲಿಲ್ಲ. ಉದ್ದಕ್ಕೂ ಒಂದು ಪಟ್ಟಿ. ಇದ್ದರೆ ಚುಕ್ಕಿ, ಇಲ್ಲದಿದ್ದರೆ ಅಡ್ಡಗೆರೆ. ಹಿಂದಿನ ಗಾಜು ಒರೆಸುವ ಕಡ್ಡಿ ಬೇಕೆಂದರೆ ಎಲ್ ಪ್ಲಸ್‌ಗೆ ಹೋಗಬೇಕು. ಎಲ್ ಪ್ಲಸ್‌ಗೆ ಹೋದರೆ ಹಾಡು ಕೇಳುವ ದೊಡ್ಡ ಪರದೆಯನ್ನೂ ಕಟ್ಟಿಕೊಳ್ಳಬೇಕು. ಆರು ಏರ್‌ಬ್ಯಾಗು ಬೇಕೆಂದರೆ ಝಡ್. ಝಡ್ ಎಂದರೆ ಚಕ್ರಕ್ಕೆ ಹೊಳೆಯುವ ಬಿಲ್ಲೆ, ಆಕಾಶ ನೋಡಲು ಚಾವಣಿಯಲ್ಲಿ ಕಿಂಡಿ. ಪ್ರಾಣ ಉಳಿಸುವ ಚೀಲವನ್ನು ಆಕಾಶದ ಕಿಂಡಿಯ ಜೊತೆ ಗಂಟು ಹಾಕಿದ ಮಹಾಶಯ ಯಾರೋ, ಅವನು ಎದುರಿಗೆ ಸಿಕ್ಕರೆ ಅವನ ಮೂವತ್ತೆರಡನ್ನೂ ಕಿತ್ತು, ಚೌಕಟ್ಟು ಬೇರೆ ಹಲ್ಲು ಬೇರೆ ಆಪ್ಷನಲ್ ಎಂದು ಕೊಡಬೇಕು ಅನ್ನಿಸಿತು.

"ಇನ್ನೂ ಅದೇ ಕೋರೆಹಲ್ಲೇನೋ?" ಎಂದ ಮೇಣದಣ್ಣ. ಪಕ್ಕದ ಮೇಜಿನಲ್ಲಿ ಮೂವತ್ತು ವರ್ಷದಿಂದ ಮೇಣ ಕರಗಿಸುತ್ತ ಕುಳಿತ ಹಿರಿಯ. ಅವನ ನಿಜವಾದ ಹೆಸರು ಕರೆಯುವವರು ಅಲ್ಲಿ ಯಾರೂ ಉಳಿದಿರಲಿಲ್ಲ.

"ಯೋಚನೆ ಮಾಡ್ತಿದ್ದೆ."

"ಒಂದು ತಿಂಗಳಿಂದ ಮಾಡ್ತಿದ್ದೀಯ. ನಾನು ಮದುವೆ ಆಗೋವಾಗ ಇಷ್ಟು ಯೋಚನೆ ಮಾಡಿರಲಿಲ್ಲ ಮಾರಾಯ. ಕಡಿಮೇದು ತಗೊ. ಸ್ಟೀರಿಂಗು ಅದರಲ್ಲೂ ಇರುತ್ತಲ್ಲ?"

ಸ್ಟೀರಿಂಗು ಎಂಬ ಮಾತಿಗೆ ಚಿಮಟ ಜಾರಿ ಹಲ್ಲು ಮೇಜಿನ ಕೆಳಗೆಲ್ಲೋ ಹೋಗಿ ಬಿತ್ತು. ಬಗ್ಗಿ ಹುಡುಕುವಾಗ ಮೇಣದಣ್ಣನ ಚಪ್ಪಲಿ, ತನ್ನ ಮೊಣಕಾಲು, ನೆಲದ ಮೇಲಿನ ಬಿಳಿ ಪುಡಿ, ಎಲ್ಲದರ ಮೇಲೂ ಅವನಿಗೆ ರೇಗಿತು. ಹಲ್ಲು ಸಿಕ್ಕಿತು. ನೆಲದಲ್ಲಿ ಕುಕ್ಕರುಗಾಲಲ್ಲಿ ಕುಳಿತೇ ಅದನ್ನು ಒರೆಸಿದ. ಈ ಸ್ಟೀರಿಂಗಿನ ಮಾತನ್ನು ಜನ ಯಾಕೆ ಇಷ್ಟು ಸಲೀಸಾಗಿ ಆಡುತ್ತಾರೋ. ಆರು ವರ್ಷದ ಹಿಂದೆ ಆ ಮಧ್ಯಾಹ್ನ, ರಸ್ತೆಯ ತಿರುವಿನಲ್ಲಿ, ಕಬ್ಬಿಣದ ಪೈಪು ತುಂಬಿಕೊಂಡು ಕೆಟ್ಟು ನಿಂತಿದ್ದ ಲಾರಿ. ಎಡಕ್ಕೆ ಖಾಲಿ ಹೊಲ, ಕಟಾವಾಗಿ ಹದಿನೈದು ದಿನವಾಗಿತ್ತೇನೋ, ಕೂಳೆ ಮಾತ್ರ. ಹೊಲಕ್ಕೆ ಇಳಿಸಬಹುದಿತ್ತು. ಇಳಿಸಿದ್ದರೆ ಲಾರಿಯ ಮೂಲೆ ಬಲಗಡೆಯ ಬಾಗಿಲಿಗೆ, ಎಂದರೆ ಅವನ ಕಡೆಗೆ, ಬರುತ್ತಿತ್ತು. ಅವನು ಬಲಕ್ಕೆ ತಿರುಗಿಸಿದ. ಲಾರಿಯ ಮೂಲೆ ಎಡಗಡೆಯ ಬಾಗಿಲಿಗೆ ಬಂತು. ಎಡಗಡೆ ಹೆಂಡತಿ ನಿದ್ದೆಹೋದವಳಂತೆ ಒರಗಿ ಕುಳಿತಿದ್ದಳು. ನಂತರ ಬಂದ ವಿಮೆಯವನು ಟಾರಿನ ಮೇಲಿನ ಗೀಟುಗಳನ್ನು ಟೇಪು ಹಿಡಿದು ಅಳೆದು, "ಒಳ್ಳೇ ಸಮಯಪ್ರಜ್ಞೆ ಸಾರ್ ನಿಮ್ಮದು, ಇಲ್ಲದಿದ್ರೆ ಇಬ್ಬರೂ ಹೋಗ್ತಿದ್ರಿ" ಎಂದು ಬೆನ್ನು ತಟ್ಟಿದ್ದ. ಆ ತಟ್ಟಿದ ಕೈಯ ಬಿಸಿ ಈಗಲೂ ಬೆನ್ನಿನ ಮೇಲೆ ಇದೆ. ಎಲ್ಲರೂ ಅದನ್ನೇ ಹೇಳಿದರು. ಅತ್ತೆ ಅಳುತ್ತಲೇ, "ನೀವಿದ್ದಿದ್ದಕ್ಕೆ ಅವಳು ಉಳಿದಳು" ಎಂದರು. ಹೆಂಡತಿ ಏನೂ ಹೇಳಲಿಲ್ಲ. ಅವಳ ಎಡ ಮೊಣಕೈಗೆ ಮೂರು ಸಲ ಶಸ್ತ್ರಚಿಕಿತ್ಸೆಯಾಯಿತು. ಈಗ ಅದು ಅರ್ಧಕ್ಕೆ ಮಡಿಸುತ್ತದೆ, ಅಲ್ಲಿಂದಾಚೆಗೆ ಇಲ್ಲ. ಹೆರಿಗೆ ವಾರ್ಡಿನಲ್ಲಿ ಹದಿನೆಂಟು ವರ್ಷ ಕೂಸು ಹಿಡಿದ ನರ್ಸನ್ನು ಚೀಟಿ ಬರೆಯುವ ಕಿಟಕಿಯ ಹಿಂದೆ ಕೂರಿಸಿದರು.

"ಸಿಕ್ತಾ?" ಎಂದ ಮೇಣದಣ್ಣ ಮೇಲಿನಿಂದ.

"ಸಿಕ್ತು."

"ಹಾಗಾದ್ರೆ ಎದ್ದೇಳು. ಅಲ್ಲೇ ಕೂತ್ಕೊಂಡ್ರೆ ಡಾಕ್ಟ್ರು ಬಂದು ಏನು ಪೂಜೆ ಮಾಡ್ತಿದ್ದಾನೆ ಅಂತಾರೆ."

ಶನಿವಾರ ಅರ್ಧ ದಿನ. ಒಂದೂವರೆಗೆ ಅವನು ಆರೋಗ್ಯ ಕೇಂದ್ರದ ಗೇಟಿನ ಮುಂದೆ ಹಳೆಯ ಕಾರು ನಿಲ್ಲಿಸಿದ. ಊರಾಚೆ ಹದಿನೆಂಟು ಕಿಲೋಮೀಟರು. ಹೋದ ವರ್ಷ ಹೆಂಡತಿಗೆ ಇಲ್ಲಿಗೆ ವರ್ಗವಾಗಿತ್ತು. ಹೊಸ ನರ್ಸುಗಳಿಗೆ ತರಬೇತಿ ಕೊಡುವ ಕೆಲಸ, ಮತ್ತೆ ಕೂಸುಗಳ ನಡುವೆ. ಆದರೆ ಎರಡು ಬಸ್ಸು ಬದಲಾಯಿಸಬೇಕು, ಎರಡನೆಯದು ಬಂದರೆ ಬಂತು. ಹಾಗಾಗಿ ಬೆಳಿಗ್ಗೆ ಅವನೇ ಬಿಡುವುದು, ಸಂಜೆ ಅವನೇ ಕರೆತರುವುದು. ಅವಳು ಬಂದವಳು ಹಿಂದಿನ ಬಾಗಿಲು ತೆರೆದು ಹಿಂದೆ ಕುಳಿತಳು. ಆರು ವರ್ಷದಿಂದ ಅವಳು ಕೂರುವುದು ಅಲ್ಲೇ. ಆಸ್ಪತ್ರೆಯಿಂದ ಮನೆಗೆ ಬಂದ ದಿನ ಅವನು, "ಹಿಂದೆ ಕೂತ್ಕೊ, ಕಾಲು ಚಾಚಬಹುದು" ಎಂದಿದ್ದ. ಪೆಟ್ಟಾದದ್ದು ಕೈಗೆ, ಕಾಲು ಯಾಕೆ ಚಾಚಬೇಕು ಎಂದು ಅವಳೂ ಕೇಳಲಿಲ್ಲ. ಅದೇ ರೂಢಿಯಾಯಿತು. ಪಕ್ಕದ ಮನೆಯವರು, "ನಿಮ್ಮ ಯಜಮಾನರು ಡ್ರೈವರ್ ಕೆಲಸಕ್ಕೆ ಸೇರಿಬಿಟ್ರಲ್ಲ" ಎಂದು ಹಲ್ಲು ಕಿರಿದರು. ಅವನು ಕನ್ನಡಿಯಲ್ಲಿ ಅವಳ ಮುಖದ ಒಂದು ಪಟ್ಟಿಯನ್ನು, ಹಣೆಯಿಂದ ಮೂಗಿನವರೆಗೆ, ನೋಡಿಕೊಂಡೇ ಆರು ವರ್ಷ ಮಾತಾಡಿದ್ದ. ಆ ಆರು ಏರ್‌ಬ್ಯಾಗುಗಳಲ್ಲಿ ಎರಡು ಹಿಂದಿನ ಕಿಟಕಿಯ ಮೇಲಿಂದ ಪರದೆಯ ಹಾಗೆ ಇಳಿಯುತ್ತವಂತೆ. ಹಿಂದೆ ಕುಳಿತವರ ತಲೆಗೆ, ಭುಜಕ್ಕೆ. ಉಳಿದದ್ದೇನೇ ಇರಲಿ, ಆ ಎರಡು ಬೇಕು. ಡೀಸೆಲ್ ಎಂದು ಹಟ ಹಿಡಿದದ್ದಕ್ಕೂ ಅವನು ಎಲ್ಲರಿಗೂ ದೂರದ ಲೆಕ್ಕ ಹೇಳಿದ್ದ. ಒಳಗಿನ ಕಾರಣವೆಂದರೆ ಆ ಎಂಜಿನ್ ಭಾರ, ಮುಂದೆ ಹೆಚ್ಚು ಕಬ್ಬಿಣ ಇರುತ್ತದೆ ಎಂಬುದು.

"ನೀರು ಕುಡೀತೀಯಾ?" ಎಂದು ಬಾಟಲಿಯ ಮುಚ್ಚಳ ತಿರುಗಿಸಿ ಸಡಿಲ ಮಾಡಿ ಹಿಂದಕ್ಕೆ ಚಾಚಿದ.

"ಬೇಡ."

"ಎಸಿ ಮುಖಕ್ಕೆ ಹೊಡೀತಿದ್ರೆ ಹೇಳು."

"ಹೊಡೀತಿಲ್ಲ."

"ಝಡ್ಡೇ ತಗೊಳೋಣ ಅಂತ ಅನ್ಕೊಂಡಿದ್ದೀನಿ. ಆರು ಬರುತ್ತೆ ಅದರಲ್ಲಿ."

ಕನ್ನಡಿಯಲ್ಲಿ ಅವಳ ಹಣೆ ಕಿಟಕಿಯ ಕಡೆ ತಿರುಗಿತು. "ಅಲ್ಲಿ ಹೋಗಿ ನೋಡೋಣ" ಎಂದಳು.

ಷೋರೂಮಿನಲ್ಲಿ ಹೊಸ ರಬ್ಬರಿನ ವಾಸನೆ. ನೆಲ ಎಷ್ಟು ಹೊಳೆಯುತ್ತಿತ್ತೆಂದರೆ ತನ್ನ ಶರ್ಟಿನ ಜೇಬಿನ ಮೇಲೆ ಅಂಟಿದ್ದ ಗುಲಾಬಿ ಮೇಣದ ಚುಕ್ಕೆ ಅವನಿಗೆ ಅಲ್ಲೇ ಕಂಡಿತು. ಉಗುರಿನಲ್ಲಿ ಕೆರೆದ, ಅದು ಇನ್ನಷ್ಟು ಹರಡಿತು. ಸೇಲ್ಸ್‌ನವನು ಐವತ್ತು ದಾಟಿದವನು, ಬೋಳು ತಲೆ, ನೀಲಿ ಟೈ. ಹಿಂದಿನ ಎರಡು ಸಲವೂ ಅವನಿಗೆ ಎಲ್ಲ ವಿವರಿಸಿದ್ದವನು ಇವನೇ. ಆದರೆ ಇವತ್ತು ನೀಲಿ ಟೈ ಅವನನ್ನು ದಾಟಿಕೊಂಡು ಹೋಗಿ ಹೆಂಡತಿಯ ಮುಂದೆ ಕೈ ಮುಗಿದು ನಿಂತಿತು.

"ಬನ್ನಿ ಮೇಡಂ. ಮೊನ್ನೆ ಫೋನಲ್ಲಿ ಹೇಳಿದ್ರಲ್ಲ, ಆ ಗಾಡಿ ತರಿಸಿಟ್ಟಿದ್ದೀನಿ. ಟೆಸ್ಟ್ ಡ್ರೈವ್‌ಗೆ ರೆಡಿ ಇದೆ."

ಅವನಿಗೆ ಮೊದಲು ತಾನು ತಪ್ಪು ಕೇಳಿಸಿಕೊಂಡೆ ಅನ್ನಿಸಿತು. ಬೇರೆ ಯಾವ ಮೇಡಮ್ಮೋ, ಯಾವ ಫೋನೋ. "ಯಾವ ಗಾಡಿ?" ಎಂದ.

"ಆಟೋಮ್ಯಾಟಿಕ್ ಸಾರ್. ಎಲ್ ಪ್ಲಸ್ ಆಟೋಮ್ಯಾಟಿಕ್. ಎಡಗೈಗೆ ಕೆಲಸಾನೇ ಇಲ್ಲ. ಗೇರಿನ ಕಡ್ಡಿ ಒಂದು ಸಲ ಕೆಳಗೆ ತಳ್ಳಿ ಬಿಟ್ರೆ ಆಯ್ತು, ಗೇರು ಅದೇ ಹಾಕ್ಕೊಳ್ಳುತ್ತೆ."

"ನಾವು ನೋಡ್ತಿರೋದು ಝಡ್."

"ಝಡ್‌ನಲ್ಲಿ ಆಟೋಮ್ಯಾಟಿಕ್ ಇಲ್ಲ ಸಾರ್."

"ಅತ್ಯಂತ ಮೇಲಿನ ಮಾದರೀಲಿ ಇಲ್ಲವಾ?"

"ಡೀಸೆಲ್‌ನಲ್ಲಿ ಇಲ್ಲ. ನಡುವಿನದರಲ್ಲಿ ಮಾತ್ರ."

"ಸರಿ, ಹಾಗಾದ್ರೆ ನಡುವಿನದರಲ್ಲಿ ಆರು ಏರ್‌ಬ್ಯಾಗ್ ಹಾಕಿಕೊಡಿ. ಬೇರೆ ಏನಾದ್ರೂ ತೆಗೀರಿ, ಆ ಹಾಡಿನ ಪರದೆ ತೆಗೀರಿ."

ನೀಲಿ ಟೈ ನಕ್ಕಿತು. ಕೆಟ್ಟ ನಗುವಲ್ಲ, ದಣಿದ ನಗು. "ಸಾರ್, ಮೊದಲು ನಾನು ಫ್ರಿಜ್ ಮಾರ್ತಿದ್ದೆ. ಬಾಗಿಲು ಎಡಕ್ಕೆ ತೆಗೀಬೇಕೋ ಬಲಕ್ಕೋ ಅಂತ ಕೇಳಿದ್ರೆ ವ್ಯಾಪಾರ ಮುಗೀತಿತ್ತು. ಈಗ ನನಗೇ ತಲೆ ಚಿಟ್ಟು ಹಿಡಿಯುತ್ತೆ. ಎಲ್ ಪ್ಲಸ್‌ನಲ್ಲಿ ಎರಡೇ ಏರ್‌ಬ್ಯಾಗು, ಆಟೋಮ್ಯಾಟಿಕ್ ಉಂಟು. ಝಡ್‌ನಲ್ಲಿ ಆರು ಉಂಟು, ಆಟೋಮ್ಯಾಟಿಕ್ ಇಲ್ಲ. ಯಾಕೆ ಅಂತ ಮಾತ್ರ ಕೇಳಬೇಡಿ. ನಾನು ಕೇಳಿ ಬೈಸ್ಕೊಂಡಿದ್ದೀನಿ."

ಪಟ್ಟಿಯಲ್ಲಿ ಆ ಸಾಲು ಅವನ ಕಣ್ಣಿಗೆ ಬಿದ್ದಿರಲಿಲ್ಲ ಎಂದಲ್ಲ. ತಿಂಗಳಿಡೀ ಬೆರಳಿಟ್ಟು ಓದಿದ ಪಟ್ಟಿ. ಗೇರಿನ ಸಾಲಿನಲ್ಲಿ ನಡುವಿನ ಮಾದರಿಯ ಕೆಳಗೆ ಒಂದು ಚುಕ್ಕಿ ಹೆಚ್ಚಿಗೆ ಇತ್ತು. ಅದು ತಮಗೆ ಸಂಬಂಧಿಸಿದ್ದಲ್ಲ ಎಂದು ದಾಟಿ ಹೋಗಿದ್ದ. ಗೇರು ಹಾಕಲು ತನಗೆ ಎರಡು ಕೈಯೂ ನೆಟ್ಟಗಿದೆಯಲ್ಲ. ಈಗ ಹೆಂಡತಿಯ ಕಡೆ ತಿರುಗಿದ. ಅವಳು ಒಂದು ಕಾರಿನ ಬಾಗಿಲಿನ ಹಿಡಿಕೆಯನ್ನು ಎಳೆದು ಬಿಟ್ಟು, ಎಳೆದು ಬಿಟ್ಟು ನೋಡುತ್ತಿದ್ದಳು.

"ಯಾರು ಓಡಿಸೋದಕ್ಕೆ ಆಟೋಮ್ಯಾಟಿಕ್ಕು?"

"ನಾನು."

"ನಿನಗೆ ಲೈಸೆನ್ಸ್..."

ಅವಳು ಕೈಚೀಲದ ಒಳಜೇಬಿನಿಂದ ಒಂದು ಕಾರ್ಡು ತೆಗೆದು ಕೊಟ್ಟಳು. ಅವನಿಗಲ್ಲ, ನೀಲಿ ಟೈಗೆ. ಟೆಸ್ಟ್ ಡ್ರೈವ್‌ಗೆ ಅದರ ನಂಬರು ಬರೆದುಕೊಳ್ಳಬೇಕಿತ್ತಂತೆ. ನಂಬರು ಬರೆದ ಮೇಲೆ ಅದು ಅವನ ಕೈಗೆ ಬಂತು. ಐದು ವಾರದ ಹಿಂದಿನ ತಾರೀಕು. ಫೋಟೋದಲ್ಲಿ ಅವಳು ಕೂದಲನ್ನು ಹಿಂದಕ್ಕೆ ಬಿಗಿದು ಕಟ್ಟಿ, ಇನ್ನೇನು ನಗುವವಳಂತೆ ತುಟಿ ಒತ್ತಿಕೊಂಡಿದ್ದಳು. ಈ ಮುಖ ಅವನು ನೋಡಿರಲಿಲ್ಲ. ಕನ್ನಡಿಯ ಪಟ್ಟಿಯಲ್ಲಿ ತುಟಿ ಕಾಣುತ್ತಿರಲಿಲ್ಲವಲ್ಲ. ಯಾವ ದಿನ ಹೋದಳು, ಯಾವ ಸೀರೆ ಅದು, ಬೂದು ಅಂಚಿನದೋ? ಆ ದಿನವೂ ಸಂಜೆ ತಾನು ಬಾಟಲಿಯ ಮುಚ್ಚಳ ಸಡಿಲಿಸಿ ಹಿಂದಕ್ಕೆ ಚಾಚಿರಬೇಕು. ಅವಳು ಬೇಡವೆಂದಿರಬೇಕು.

"ಯಾರು ಕಲಿಸಿದ್ದು?"

"ಕೇಂದ್ರದ ಆಂಬುಲೆನ್ಸ್ ಡ್ರೈವರು. ಡಾಕ್ಟರಮ್ಮನ ಕಾರು ಆಟೋಮ್ಯಾಟಿಕ್ ಇದೆ, ಅದರಲ್ಲೇ. ಮಧ್ಯಾಹ್ನ ಊಟದ ಹೊತ್ತಲ್ಲಿ ಹಿಂದಿನ ಮೈದಾನದಲ್ಲಿ. ಆಮೇಲೆ ರಸ್ತೇಲಿ."

"ಊಟ?"

"ಆಮೇಲೆ ಮಾಡ್ತಿದ್ದೆ."

"ಎಷ್ಟು ದಿನದಿಂದ?"

"ನಾಲ್ಕು ತಿಂಗಳು."

ನಾಲ್ಕು ತಿಂಗಳು ಆಂಬುಲೆನ್ಸ್ ಡ್ರೈವರಿಗೆ ಗೊತ್ತಿದೆ, ಡಾಕ್ಟರಮ್ಮನಿಗೆ ಗೊತ್ತಿದೆ, ಇಡೀ ಕೇಂದ್ರದ ನರ್ಸುಗಳು ಕಿಟಕಿಯಲ್ಲಿ ನಿಂತು ನೋಡಿದ್ದಾರೆ, ಈ ಬೋಳುತಲೆಗೂ ಗೊತ್ತಿದೆ. ಗಂಡನಿಗೆ ಮಾತ್ರ ಇವತ್ತು, ಈ ಹೊಳೆಯುವ ನೆಲದ ಮೇಲೆ, ಜೇಬಿನ ಮೇಲೆ ಮೇಣದ ಕಲೆ ಹೊತ್ತು ನಿಂತಾಗ. ಸಿಟ್ಟು ಹೊಟ್ಟೆಯಿಂದ ಎದ್ದು ಗಂಟಲವರೆಗೆ ಬಂತು. ಎಂದಿನಂತೆ ಅಲ್ಲಿಂದ ಪಕ್ಕಕ್ಕೆ ತಿರುಗಿತು. ಅವಳ ಮೇಲೆ ಸಿಟ್ಟು ಮಾಡಲು ಅವನಿಗೆ ಯಾವ ಹಕ್ಕೂ ಇರಲಿಲ್ಲ. ಆರು ವರ್ಷದಿಂದ ಅದು ಪಕ್ಕದ ಮನೆಯವರ ಮೇಲೆ, ಮೇಣದಣ್ಣನ ಮೇಲೆ, ಹಾಲಿನ ಪೊಟ್ಟಣ ಸೋರಿಸುವ ಅಂಗಡಿಯವನ ಮೇಲೆ ಹೋಗಿ ಬೀಳುತ್ತಿತ್ತು. "ಏನ್ರೀ, ಇಷ್ಟು ದೊಡ್ಡ ಅಂಗಡಿ ಇಟ್ಕೊಂಡು ಕೂತ್ಕೊಳ್ಳೋಕೆ ಒಂದು ಕುರ್ಚಿ ಹಾಕಿಲ್ವಲ್ರೀ!" ಎಂದು ನೀಲಿ ಟೈಯನ್ನು ಗದರಿದ. ಕುರ್ಚಿಗಳು ಅವನ ಬೆನ್ನ ಹಿಂದೆಯೇ ಸಾಲಾಗಿ ಇದ್ದವು. ನೀಲಿ ಟೈ ಒಂದನ್ನು ಎಳೆದು ಕೊಟ್ಟಿತು. ಅವನು ಕೂರಲಿಲ್ಲ.

ಟೆಸ್ಟ್ ಡ್ರೈವಿನ ಕಾರು ಹೊರಗೆ ಬಿಸಿಲಲ್ಲಿ ನಿಂತಿತ್ತು. ಹೆಂಡತಿ ಬಲಗಡೆ ಹತ್ತಿ ಸೀಟು ಎಳೆದುಕೊಂಡಳು, ಕನ್ನಡಿ ಸರಿ ಮಾಡಿಕೊಂಡಳು, ಬೆಲ್ಟು ಬಿಗಿದಳು. ಓಡಿಸದವರು ಕೂರುವುದು ಹಿಂದೆ ಎಂಬ ರೂಢಿಯಿಂದ ಅವನು ಹಿಂದಿನ ಬಾಗಿಲು ತೆರೆದರೆ ಅಲ್ಲಿ ನೀಲಿ ಟೈ ಆಗಲೇ ಕುಳಿತಿತ್ತು. "ಸಾರ್, ನೀವು ಮುಂದೆ" ಎಂದಿತು. ಹಾಗೆ ಅವನು ಎಡಗಡೆಯ ಸೀಟಿನಲ್ಲಿ ಕುಳಿತ. ಎಷ್ಟು ವರ್ಷವಾಗಿತ್ತೋ ಈ ಸೀಟಿನಲ್ಲಿ ಕೂತು. ಕೈಗೆ ಹಿಡಿಯಲು ಏನೂ ಇಲ್ಲ. ಕಾಲ ಕೆಳಗೆ ಬರೀ ಕಾರ್ಪೆಟ್ಟು. ಎದುರಿಗೆ ಗಾಜು, ಗಾಜಿನಾಚೆ ಎಲ್ಲವೂ ತನ್ನ ಮೇಲೇ ಬರುತ್ತಿರುವ ಹಾಗೆ. ಕಾರು ಗೇಟು ದಾಟಿ ರಸ್ತೆಗೆ ಇಳಿಯಿತು. ಡೀಸೆಲ್ ಎಂಜಿನ್ ಗುರುಗುಟ್ಟಿ, ಗೇರು ಬದಲಾಗುವಾಗ ಒಂದು ಕ್ಷಣ ಉಸಿರು ಹಿಡಿದಂತೆ ನಿಂತು, ಮತ್ತೆ ಮುಂದೆ ತಳ್ಳಿತು. ಅವಳ ಎಡಗೈ ಸ್ಟೀರಿಂಗಿನ ಕೆಳಭಾಗದಲ್ಲಿ, ಅರ್ಧ ಮಡಿಸಿದ ಮೊಣಕೈಯೊಂದಿಗೆ, ಹಗುರವಾಗಿ ಕೂತಿತ್ತು. ತಿರುಗಿಸುವ ಕೆಲಸವೆಲ್ಲ ಬಲಗೈಯದು. ಒಳ್ಳೆಯ ಚಾಲನೆ. ಅದು ಅವನಿಗೆ ಇನ್ನಷ್ಟು ಕಿರಿಕಿರಿ ಮಾಡಿತು.

"ಬಸ್ಸು."

"ಕಾಣುತ್ತೆ."

"ಸ್ವಲ್ಪ ಬಲಕ್ಕೆ... ಅಲ್ಲ, ಸೈಕಲ್ಲು, ಸೈಕಲ್ಲು ನೋಡು."

"ನೋಡಿದೆ ರೀ."

"ಹಿಂದೆ ಯಾರು ಬರ್ತಿದ್ದಾರೆ ನೋಡಿದ್ಯಾ?"

"ಸುಮ್ನಿರ್ತೀರಾ?"

"ಎರಡೇ ಏರ್‌ಬ್ಯಾಗು ಇದರಲ್ಲಿ. ಎರಡೇ. ಪಕ್ಕದಿಂದ ಯಾರಾದ್ರೂ ಬಂದು ಹೊಡೆದ್ರೆ ಏನೂ ಇಲ್ಲ. ಬರೀ ತಗಡು. ಪಕ್ಕದಿಂದ ಹೊಡೆದ್ರೆ ಏನಾಗುತ್ತೆ ಅಂತ ನಿನಗೆ ಗೊತ್ತಿಲ್ವಾ? ನಿನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತು?"

"ನನಗೆ ಗೊತ್ತು."

"ನಿನಗೆ ಏನೂ ಗೊತ್ತಿಲ್ಲ!" ಅವನ ದನಿ ಆ ಸಣ್ಣ ಕಾರಿಗೆ ತೀರಾ ದೊಡ್ಡದಾಯಿತು. ಹಿಂದೆ ನೀಲಿ ಟೈ ಮೊಬೈಲು ತೆಗೆದು ಅದರೊಳಗೆ ಮುಖ ಹುದುಗಿಸಿತು. "ಎಡಕ್ಕೆ ಹೊಲ ಇತ್ತು. ಖಾಲಿ ಹೊಲ. ಇಳಿಸಬಹುದಾಗಿತ್ತು ನಾನು. ಬಲಕ್ಕೆ ತಿರುಗಿಸಿದೆ. ಯಾಕೆ ಅಂದ್ರೆ ಬಲಕ್ಕೆ ನಾನಿದ್ದೆ. ಸಮಯಪ್ರಜ್ಞೆ ಅಂತೆ. ಮಣ್ಣು ಸಮಯಪ್ರಜ್ಞೆ. ನಿನ್ನನ್ನ ಅಡ್ಡ ಹಿಡಿದೆ ನಾನು, ಅಷ್ಟೇ."

ಆರು ವರ್ಷ ಈ ಮಾತನ್ನು ಅವನು ಬಗೆಬಗೆಯಾಗಿ ಜೋಡಿಸಿ ನೋಡಿದ್ದ. ಸ್ನಾನದ ಮನೆಯಲ್ಲಿ, ಮೇಣದ ಮುಂದೆ, ಮೂರನೆಯ ಶಸ್ತ್ರಚಿಕಿತ್ಸೆಯ ದಿನ ಆಸ್ಪತ್ರೆಯ ಮೆಟ್ಟಿಲ ಮೇಲೆ. ಹೇಳುವ ದಿನ ಬಂದರೆ ಅವಳ ಕಾಲ ಬಳಿ ಕೂತು ಹೇಳುತ್ತೇನೆ ಅಂದುಕೊಂಡಿದ್ದ. ಹೀಗೆ, ಬೆಲ್ಟು ಕಟ್ಟಿಕೊಂಡು, ಫ್ರಿಜ್ ಮಾರಿ ಬಂದವನೊಬ್ಬ ಹಿಂದೆ ಕೂತಿರುವಾಗ, ಜಗಳದ ದನಿಯಲ್ಲಿ ಹೇಳುತ್ತೇನೆಂದು ಎಣಿಸಿರಲಿಲ್ಲ. ಹೆಂಡತಿ ಇಂಡಿಕೇಟರು ಹಾಕಿ, ಕನ್ನಡಿ ನೋಡಿ, ಮುಚ್ಚಿದ ಒಂದು ಗೋದಾಮಿನ ಮುಂದೆ ಕಾರನ್ನು ಬದಿಗೆ ತಂದು ನಿಲ್ಲಿಸಿದಳು. ಎಂಜಿನ್ ಆರಿಸಲಿಲ್ಲ. ಅದು ಗಡಗಡ ಎನ್ನುತ್ತಲೇ ಇತ್ತು.

"ನನಗೆ ಎಚ್ಚರ ಇತ್ತು" ಎಂದಳು. "ನಿದ್ದೆ ಮಾಡಿರಲಿಲ್ಲ ನಾನು. ಲಾರೀನೂ ನೋಡಿದೆ, ಹೊಲಾನೂ ನೋಡಿದೆ, ನಿಮ್ಮ ಕೈ ಎತ್ತ ತಿರುಗ್ತು ಅದನ್ನೂ ನೋಡಿದೆ."

ಅವನು ಎದೆಯ ಮೇಲಿನ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಮೊದಲ ವರ್ಷ ಸಿಟ್ಟಿತ್ತು. ಇತ್ತು. ಕೂಸನ್ನ ಎತ್ತೋಕೆ ಹೋಗಿ ಕೈ ಬರದೆ ಇದ್ದಾಗೆಲ್ಲ ನಿಮ್ಮನ್ನ ಸುಟ್ಟುಬಿಡಬೇಕು ಅನ್ನಿಸ್ತಿತ್ತು. ಆಮೇಲೆ ಹೋಯ್ತು. ಅರ್ಧ ಸೆಕೆಂಡಲ್ಲಿ ಯಾರು ಯೋಚನೆ ಮಾಡ್ತಾರೆ? ಆದ್ರೆ ಈ ಆರು ವರ್ಷ ಇದೆಯಲ್ಲ, ಇದು ಅರ್ಧ ಸೆಕೆಂಡಲ್ಲ. ಇದನ್ನ ನೀವು ಯೋಚನೆ ಮಾಡಿ ಮಾಡಿದ್ದು. ಹಿಂದೆ ಕೂರಿಸಿದ್ರಿ. ಕೂತೆ. ನೀರಿನ ಮುಚ್ಚಳ ತೆಗೆದು ಕೊಡ್ತೀರಿ. ತಟ್ಟೇಲಿ ಎಲ್ಲ ತುಂಡು ಮಾಡಿ ಇಡ್ತೀರಿ. ಒಂದು ದಿನ, ಒಂದೇ ಒಂದು ದಿನ ನನ್ನ ಮೇಲೆ ರೇಗಿದ್ದೀರಾ? ಸಾರಿಗೆ ಉಪ್ಪು ಹಾಕದೆ ಬಡಿಸಿದ್ರೂ ಚೆನ್ನಾಗಿದೆ ಅಂತ ತಿಂದ್ರಿ. ಬೇಕು ಅಂತಾನೇ ಹಾಕಿರಲಿಲ್ಲ ನಾನು."

"ಬೇಕು ಅಂತಾನಾ?"

"ಎರಡು ಸಲ. ಏನಾದ್ರೂ ಅಂತೀರೇನೋ ಅಂತ." ಅವಳು ಮೂಗು ಒರೆಸಿಕೊಂಡಳು. "ನಿಮ್ಮ ತಪ್ಪನ್ನ ಬೆಳಿಗ್ಗೆ ಎದ್ದ ಕೂಡಲೇ ನನ್ನ ಕೈಗೆ ಕೊಟ್ಟು, ಹಿಡ್ಕೊ, ಬೀಳಿಸಬೇಡ, ಅಂತೀರಿ. ಇರೋದೇ ಒಂದೂವರೆ ಕೈ ನನಗೆ. ಅದರಲ್ಲಿ ಇದನ್ನ ಎಷ್ಟು ದಿನ ಹಿಡೀಲಿ? ಆರು ಏರ್‌ಬ್ಯಾಗು ನಿಮಗೆ ಬೇಕು ರೀ. ನನಗೆ ಬೇಕಾಗಿರೋದು ಬೆಳಿಗ್ಗೆ ಎಂಟಕ್ಕೆ ನಾನೇ ಕೀಲಿ ತಗೊಂಡು ಹೋಗೋದು."

ಬೇಲಿಯ ಮೇಲೆ ಒಂದು ಕಾಗೆ ಬಂದು ಕೂತು, ಏನೂ ಸಿಗದೆ ಹಾರಿಹೋಯಿತು. ಕ್ಷಮಿಸು ಎಂಬ ಮಾತು ಅವನ ಬಾಯಿಗೆ ಬಂತು; ಅದನ್ನೂ ಅವಳ ಕೈಗೇ ಕೊಟ್ಟ ಹಾಗಾಗುತ್ತದೆ ಅನ್ನಿಸಿ ನುಂಗಿದ.

ಹಿಂದಿನಿಂದ ನೀಲಿ ಟೈ ಮೆಲ್ಲಗೆ ಕೆಮ್ಮಿತು. "ಮೇಡಂ, ಎಸಿ ಇನ್ನೂ ಸ್ವಲ್ಪ ಜೋರು ಮಾಡ್ತೀರಾ? ಅಲ್ಲ, ಹಿಂದೆ ಇದರಲ್ಲಿ ಗಾಳಿ ಬರೋಲ್ಲ. ಹಿಂದಿನವರಿಗೆ ಗಾಳಿ ಝಡ್‌ನಲ್ಲಿ ಮಾತ್ರ."

ಹೆಂಡತಿ ತುಟಿ ಒತ್ತಿಕೊಂಡಳು. ಒತ್ತಿಕೊಂಡರೂ ನಿಲ್ಲದೆ ನಗು ಮೂಗಿನಿಂದ ಹೊರಬಂತು. ಅವನಿಗೆ ನಗು ಬರಲಿಲ್ಲ. ಆದರೆ ಪಕ್ಕದಲ್ಲಿ ಕೂತು ಅವಳ ಇಡೀ ಮುಖವನ್ನು, ಗಲ್ಲದ ಸಮೇತ, ನೋಡಿದ. ಅವಳು ಕಡ್ಡಿಯನ್ನು ಕೆಳಗೆ ತಳ್ಳಿ ಕಾರು ಹೊರಡಿಸಿದಳು. ವಾಪಸು ಬರುವವರೆಗೆ ಅವನು ಬಸ್ಸು ಎನ್ನಲಿಲ್ಲ, ಸೈಕಲ್ಲು ಎನ್ನಲಿಲ್ಲ. ಇಲ್ಲದ ಬ್ರೇಕನ್ನು ಬಲಗಾಲಲ್ಲಿ ಏಳೆಂಟು ಸಲ ಒತ್ತಿದ, ಅಷ್ಟೇ. ಷೋರೂಮಿನಲ್ಲಿ ಎಲ್ ಪ್ಲಸ್ ಆಟೋಮ್ಯಾಟಿಕ್ ಎಂದು ಫಾರಂ ತುಂಬಿದವಳು ಅವಳೇ. ಬಣ್ಣ ಯಾವುದು ಎಂದು ನೀಲಿ ಟೈ ಕೇಳಿದಾಗ ಇಬ್ಬರೂ ಒಟ್ಟಿಗೆ ಬೇರೆ ಬೇರೆ ಬಣ್ಣ ಹೇಳಿದರು. ಅವನು ತಕ್ಷಣ, "ನೀನು ಹೇಳಿದ್ದೇ ಇರಲಿ" ಎಂದ. ಅವಳು ಪೆನ್ನು ಕೆಳಗಿಟ್ಟು ಅವನನ್ನೇ ದಿಟ್ಟಿಸಿದಳು. "ಸರಿ, ಆ ನೀಲಿ ನನಗೆ ಹಿಡಿಸಲ್ಲ" ಎಂದ ಅವನು, ಕಷ್ಟಪಟ್ಟು, ನಾಲಿಗೆಗೆ ಹೊಸದಾದ ಮಾತನ್ನು ಆಡುವವನಂತೆ. ಕೊನೆಗೆ ಕಾರು ನೀಲಿಯದೇ ಬಂತು. ಅವನು ಹೇಳಿದ ಬಣ್ಣ ನಡುವಿನ ಮಾದರಿಯಲ್ಲಿ ಸಿಗುತ್ತಿರಲಿಲ್ಲ.

ಕಾರು ಮನೆಗೆ ಬಂದದ್ದು ನಾಲ್ಕು ವಾರದ ಮೇಲೆ, ಒಂದು ಭಾನುವಾರ. ಹಳೆಯದು ಅದೇ ದಿನ ಹೋಯಿತು. ಸೋಮವಾರ ಬೆಳಿಗ್ಗೆ ಎಂಟಕ್ಕೆ ಹೆಂಡತಿ ಕೀಲಿ ತಗೊಂಡು ಹೊರಟಳು. ಅವನು ಗೇಟಿನವರೆಗೆ ಹೋದ, ಏನೂ ಹೇಳಬಾರದೆಂದು ಹಲ್ಲು ಕಚ್ಚಿ ನಿಂತ, ಕಾರು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದ. ಆಮೇಲೆ ತಾನು ಕೆಲಸಕ್ಕೆ ಹೇಗೆ ಹೋಗುವುದು ಎಂಬ ಪ್ರಶ್ನೆಗೆ ಬಂದ. ಅದನ್ನು ಇಬ್ಬರೂ ಯೋಚಿಸಿರಲಿಲ್ಲ. ಬಸ್ ನಿಲ್ದಾಣಕ್ಕೆ ನಡೆದ. ನಿಲ್ದಾಣದಲ್ಲಿ ಚಾವಣಿ ಅರ್ಧ ಕಿತ್ತುಹೋಗಿ ಬಿಸಿಲು ನೇರ ತಲೆಯ ಮೇಲೆ ಬೀಳುತ್ತಿತ್ತು. ಹತ್ತು ನಿಮಿಷ, ಇಪ್ಪತ್ತು ನಿಮಿಷ. ಅವಳು ಈಗ ದೊಡ್ಡ ರಸ್ತೆ ಸೇರಿರಬೇಕು. ಈಗ ಸೇತುವೆ. ಒಂದು ಬಸ್ಸು ಬಂದು ಬಾಗಿಲಲ್ಲಿ ಜನ ಜೋತಾಡುತ್ತಿದ್ದರಿಂದ ನಿಲ್ಲದೆ ಹೋಯಿತು. ಆಗ ಅವನು ಜೇಬು ಮುಟ್ಟಿಕೊಂಡ. ಕೆಲಸದ ಕನ್ನಡಕ ಇರಲಿಲ್ಲ. ಸಣ್ಣದನ್ನು ದೊಡ್ಡದು ಮಾಡಿ ತೋರಿಸುವ ಅದಿಲ್ಲದೆ ಒಂದು ಹಲ್ಲನ್ನೂ ಕೂರಿಸಲಾಗದು. ನಿನ್ನೆ ಹೊಸ ಕಾರಿನ ಪುಸ್ತಕ ಓದಲೆಂದು ಹಾಕಿಕೊಂಡವನು ಅದನ್ನು ಕಾರಿನಲ್ಲೇ, ಎದುರಿನ ಡಬ್ಬಿಯಲ್ಲಿ ಇಟ್ಟಿದ್ದ. ಅವಳಿಗೆ ಹೇಳಿದ್ದ. ಬೆಳಿಗ್ಗೆ ಎತ್ತಿ ಕೊಡು ಎಂದು ಸ್ಪಷ್ಟವಾಗಿ ಹೇಳಿದ್ದ.

ಫೋನ್ ಮಾಡಿದ. ಎತ್ತಲಿಲ್ಲ. ಓಡಿಸುತ್ತಿದ್ದಾಳೆ, ಎತ್ತಬಾರದು, ಸರಿ. ಮತ್ತೆ ಹತ್ತು ನಿಮಿಷಕ್ಕೆ ಅವಳೇ ಮಾಡಿದಳು.

"ತಲುಪಿದೆ" ಎಂದಳು. ದನಿಯಲ್ಲಿ ಓಡಿ ಬಂದವರ ಏದುಸಿರಿತ್ತು. "ಸೇತುವೆ ಹತ್ತಿರ ಒಂದು ಸಲ ಸ್ವಲ್ಪ..."

"ಕನ್ನಡಕ ಎಲ್ಲಿ?"

"ಏನು?"

"ನನ್ನ ಕೆಲಸದ ಕನ್ನಡಕ. ಕಾರಲ್ಲಿದೆ. ಎತ್ತಿ ಕೊಡು ಅಂತ ಹೇಳಿದ್ದೆನೋ ಇಲ್ಲವೋ?"

"ಯಾವಾಗ ಹೇಳಿದ್ರಿ?"

"ನಿನ್ನೆ! ಹೇಳಿದ ಮಾತು ಒಂದಾದ್ರೂ ಕಿವಿಗೆ ಹಾಕ್ಕೊಂತೀಯಾ ನೀನು? ಇವತ್ತು ಮೂರು ಸೆಟ್ಟು ಕೊಡಬೇಕು ನಾನು. ಕುರುಡನ ಹಾಗೆ ಕೂತು ಏನು ಮಾಡಲಿ, ಮೇಣ ತಿನ್ನಲಾ?"

ನಿಲ್ದಾಣದಲ್ಲಿದ್ದ ಇಬ್ಬರು ತಿರುಗಿ ನೋಡಿದರು.

"ನಿಮ್ಮ ಕನ್ನಡಕ ಕಾಯೋಕೆ ನನ್ನನ್ನ ಇಟ್ಕೊಂಡಿದ್ದೀರಾ?" ಎಂದಳು ಹೆಂಡತಿ. ದನಿ ಏರಿತ್ತು, ಏರುವಾಗ ಅದು ಎಲ್ಲೋ ಒಳಗೆ ಗೆಲುವಾಗಿದ್ದುದು ಅವನಿಗೆ ಕೇಳಿಸಿತು. "ಕಾರಿಂದ ಇಳಿಯೋವಾಗ ನಿಮ್ಮ ಸಾಮಾನು ನೀವು ತಗೋಬೇಕು. ಐವತ್ತಮೂರು ವರ್ಷ ಆಯ್ತು, ಇನ್ನೂ ಅದನ್ನ ನಾನು ಹೇಳಿಕೊಡಬೇಕಾ?"

"ಹೇಳಿಕೊಡೋದೇನೂ ಬೇಡ. ನೆನಪಿಟ್ಕೊಂಡ್ರೆ ಸಾಕು!"

"ನೀವು ಇಟ್ಕೊಳ್ಳಿ ನೆನಪು!"

ಅಷ್ಟರಲ್ಲಿ ಬಸ್ಸು ಬಂತು. ಅವನು ಒಂದು ಕೈಯಲ್ಲಿ ಕಂಬಿ ಹಿಡಿದು, ಇನ್ನೊಂದರಲ್ಲಿ ಫೋನು ಕಿವಿಗೊತ್ತಿಕೊಂಡು ಹತ್ತಿದ. ಮೈಯೆಲ್ಲ ಬೆವರು, ಎದೆ ಹೊಡೆದುಕೊಳ್ಳುತ್ತಿತ್ತು, ಹಣೆಯ ನರ ಉಬ್ಬಿತ್ತು. ಎಷ್ಟು ಕಾಲವಾಗಿತ್ತು ಹೀಗೆ ಸಿಟ್ಟು ಬಂದು, ಬಂದ ಸಿಟ್ಟು ಯಾರ ಮೇಲೆ ಹೋಗಬೇಕೋ ಅವರ ಮೇಲೇ ನೇರವಾಗಿ ಹೋಗಿ. ಕಂಡಕ್ಟರು ಎಲ್ಲಿಗೆ ಎಂದು ಕೇಳಿದ. ಕೈಸನ್ನೆಯಲ್ಲೇ ತಡಿ ಎಂದ.

"ಕೇಳು ಇಲ್ಲಿ" ಎಂದ ಫೋನಿಗೆ, "ಇಡಬೇಡ, ನಾನಿನ್ನೂ ಮುಗಿಸಿಲ್ಲ."

"ಹೇಳಿ" ಎಂದಳು ಅವಳು. "ನಾನೂ ಮುಗಿಸಿಲ್ಲ."